ಮಂಡಿ ತಾಗಿಸುವುದಾದರೆ ಕರೆಯಲ್ಲೇ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕಾರ್ಕಳದ ಸುತ್ತಿನ ರಸ್ತೆಗಳಲ್ಲಿ ಬೈಕುಗಳ ಸದ್ದು ಏಳುತ್ತದೆ. ಕುಕ್ಕುಂದೂರಿನ ಜೋಡುರಸ್ತೆ ಬಿಟ್ಟು ಅಜೆಕಾರು, ಹೆಬ್ರಿ ದಾಟಿ ಆಗುಂಬೆಗೆ ಕೆಲವರು. ಬಜಗೋಳಿ, ಮಾಳ ಹಾದು ಕುದುರೆಮುಖದ ಕಡೆಗೆ ಇನ್ನು ಕೆಲವರು. ಮಣಿಪಾಲದ ಹಾಸ್ಟೆಲ್ ಹುಡುಗರು, ಊರಿನವರು, ರಜೆಗೆ ಬಂದ ಬೆಂಗಳೂರಿನ ಉದ್ಯೋಗಿಗಳು. ಮೋಟೋಜಿಪಿ ನೋಡುವ ಎಲ್ಲರಿಗೂ ಒಳಗೊಳಗೇ ಒಂದು ಆಸೆ: ತಿರುವಿನಲ್ಲಿ ಬೈಕ್ ವಾಲಿಸಿ ಮಂಡಿಯನ್ನು ಡಾಂಬರಿಗೆ ತಾಗಿಸಬೇಕು.

ಆಸೆಯಲ್ಲಿ ತಪ್ಪೇನಿಲ್ಲ. ಇದು ಕಲಿತರೆ ಬರುವ ವಿದ್ಯೆ, ಅದಕ್ಕೆ ಸಾವಿರ ಸಿಸಿಯ ಬೈಕೂ ಬೇಕಾಗಿಲ್ಲ. ಆದರೆ ಕಲಿಯುವ ಜಾಗ ಆಗುಂಬೆ ಘಾಟಿಯ 14 ತಿರುವುಗಳಲ್ಲ. ಮಿಯ್ಯಾರಿನ ಕಂಬಳದಲ್ಲಿ ಕೋಣಗಳನ್ನು ಕರೆಗೆ, ಅಂದರೆ ಓಟದ ಅಂಕಣಕ್ಕೆ, ಇಳಿಸಿಯೇ ಓಡಿಸುತ್ತಾರೆ, ಪೇಟೆ ಬೀದಿಯಲ್ಲಲ್ಲ. ಬೈಕಿಗೂ ಅಂಥ ಕರೆಗಳಿವೆ. ಈ ವಿದ್ಯೆಯ ಮುಕ್ಕಾಲು ಪಾಲನ್ನು ಮಂಡಿ ತಾಗಿಸದೆಯೇ ಊರಿನಲ್ಲಿ ಕಲಿಯಬಹುದು. ಉಳಿದ ಕಾಲು ಪಾಲಿಗೆ ಮಾತ್ರ ಟ್ರ್ಯಾಕ್ ಬೇಕು.

ಮಂಡಿ ಹೊರಗೆ ಬಂದದ್ದೇಕೆ

ಮೊದಲಿನ ರೇಸರ್‌ಗಳು ಎರಡೂ ಮಂಡಿಗಳನ್ನು ಟ್ಯಾಂಕಿಗೆ ಒತ್ತಿಕೊಂಡೇ ತಿರುಗುತ್ತಿದ್ದರು. 1970ರ ದಶಕದ ಆರಂಭದಲ್ಲಿ ಫಿನ್ಲೆಂಡಿನ ಯಾರ್ನೊ ಸಾರಿನೆನ್ ಮೈಯನ್ನು ತಿರುವಿನ ಒಳಬದಿಗೆ ಇಳಿಸಿ ಓಡಿಸಿ ತೋರಿಸಿದರು. 1978ರಿಂದ 1980ರವರೆಗೆ ಸತತ ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಕೆನ್ನಿ ರಾಬರ್ಟ್ಸ್ ಅದನ್ನು ಎಲ್ಲರ ಪದ್ಧತಿಯಾಗಿಸಿದರು.

ಕಾರಣ ಸರಳ. ಮೈಭಾರ ಒಳಬದಿಗೆ ಸರಿದಷ್ಟೂ ಅದೇ ವೇಗಕ್ಕೆ ಬೈಕ್ ಸ್ವಲ್ಪ ಕಡಿಮೆ ವಾಲಿದರೆ ಸಾಕಾಗುತ್ತದೆ. ಫುಟ್‌ಪೆಗ್, ಸೈಲೆನ್ಸರ್ ನೆಲಕ್ಕೆ ಉಜ್ಜುವುದಿಲ್ಲ, ಇನ್ನೂ ಸ್ವಲ್ಪ ವಾಲಿಸಲು ಜಾಗ ಉಳಿಯುತ್ತದೆ. ಮಂಡಿ ತಾಗಿತೆಂದರೆ ಬೈಕ್ ಎಷ್ಟು ವಾಲಿದೆ ಎಂಬ ಅಳತೆ ಸಿಕ್ಕಿತು, ಅಷ್ಟೇ. ಅಳತೆಯನ್ನೇ ಗುರಿ ಮಾಡಿಕೊಂಡವರು ಬೈಕನ್ನು ನೆಟ್ಟಗೆ ಬಿಟ್ಟು ಕಾಲನ್ನು ಮಾತ್ರ ನೆಲಕ್ಕೆ ಚಾಚುತ್ತಾರೆ. ಫೋಟೊಗೆ ಅದು ಚೆನ್ನ, ತಿರುವಿಗೆ ಅಲ್ಲ.

ಘಾಟಿಯಲ್ಲಿ ಯಾಕೆ ಬೇಡ

ಲೆಕ್ಕ ಹಾಕಿ ನೋಡೋಣ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 38 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಬೈಕ್ ಸುಮಾರು 30 ಡಿಗ್ರಿ ವಾಲುತ್ತದೆ. ವೇಗ 50 ಆದರೆ 45 ಡಿಗ್ರಿ. ಸಾಮಾನ್ಯವಾಗಿ ಮಂಡಿ ನೆಲ ಮುಟ್ಟುವುದು ಈ 45ರ ಆಸುಪಾಸಿನಲ್ಲಿ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 14 ಮೀಟರ್. ಎದುರಿಗೆ ಬಂದದ್ದು ಬಸ್ಸು ಎಂದು ತಿಳಿದು ಕೈ ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಅಷ್ಟು ದೂರ ಸರಿದಾಗಿರುತ್ತದೆ. ಆ ಕೋನದಲ್ಲಿ ಟಯರಿನ ಹಿಡಿತವೆಲ್ಲ ತಿರುಗುವುದಕ್ಕೇ ಖರ್ಚಾಗಿರುವುದರಿಂದ ಬ್ರೇಕಿಗೆ ಉಳಿಯುವುದು ತೀರಾ ಕಡಿಮೆ. ಆಗುಂಬೆಯ ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು. ಅದು ಚಾಲಕರ ತಪ್ಪಲ್ಲ, ರಸ್ತೆ ಇರುವುದೇ ಹಾಗೆ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಮ್ಮಲ್ಲಿ ಎಡಬದಿಯ ಸಂಚಾರ. ಬಲ ತಿರುವಿನಲ್ಲಿ ನಡುಗೆರೆಯ ಪಕ್ಕ ಬೈಕ್ ವಾಲಿಸಿದರೆ ಟಯರ್ ನಿಮ್ಮ ಬದಿಯಲ್ಲೇ ಇರುತ್ತದೆ, ತಲೆ ಮತ್ತು ಭುಜ ಎದುರು ಬದಿಯಲ್ಲಿ. ಎಡ ತಿರುವಿನಲ್ಲಿ ಮಂಡಿ ಹೋಗುವುದು ರಸ್ತೆಯ ಅಂಚಿಗೆ. ನಮ್ಮ ಕಡೆ ಆ ಅಂಚಿನಲ್ಲಿ ಏನಿರುತ್ತದೆ ಎಂದು ಹೇಳಬೇಕಾಗಿಲ್ಲ: ಮಳೆಗೆ ಕೊಚ್ಚಿ ಬಂದ ಮುರಕಲ್ಲಿನ ಕೆಂಪು ಹರಳು, ಕೊಳೆತ ಎಲೆ, ಮರದ ನೆರಳಿನಲ್ಲಿ ನವೆಂಬರ್ ಆದರೂ ಆರದ ಪಾಚಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184 ಅಪಾಯಕಾರಿ ಚಾಲನೆಗೆ, 189 ರಸ್ತೆಯಲ್ಲಿ ರೇಸ್ ಮತ್ತು ವೇಗದ ಪರೀಕ್ಷೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ನಂತರ ಎರಡರಲ್ಲೂ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು.

ಹಂತ 1: ನಿಂತ ಬೈಕಿನ ಮೇಲೆ

ಮನೆಯಂಗಳ ಸಾಕು. ಪ್ಯಾಡಕ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗೆಳೆಯರೊಬ್ಬರು ಎದುರು ನಿಂತು ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಲಿ. ಸೈಡ್ ಸ್ಟ್ಯಾಂಡ್ ಮೇಲೆ ಈ ಕಸರತ್ತು ಬೇಡವೇ ಬೇಡ.

ಬಲ ತಿರುವು ಎಂದುಕೊಳ್ಳಿ. ಮೊದಲು ಪಾದ. ಅಂಗಾಲಿನ ನಡುಭಾಗವಲ್ಲ, ಬೆರಳುಗಳ ಬುಡ ಫುಟ್‌ಪೆಗ್ ಮೇಲೆ ಬರಬೇಕು. ಹಾಗೆ ಇಡದಿದ್ದರೆ ಮಂಡಿಗಿಂತ ಮೊದಲು ಬೂಟಿನ ತುದಿ ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸೊಂಟ. ಕಾಲುಗಳ ಬಲದಲ್ಲಿ ಮೈಯನ್ನು ಸ್ವಲ್ಪ ಎತ್ತಿ, ಕೂರುವ ಭಾಗದ ಅರ್ಧದಷ್ಟನ್ನು ಸೀಟಿನಿಂದ ಬಲಕ್ಕೆ ಸರಿಸಿ. ಹ್ಯಾಂಡಲ್ ಎಳೆದುಕೊಂಡು ಸರಿಯಬಾರದು. ಟ್ಯಾಂಕಿಗೆ ಅಂಟಿ ಕೂತರೆ ಸೊಂಟ ಟ್ಯಾಂಕಿನ ಸುತ್ತ ತಿರುಚಿಕೊಳ್ಳುತ್ತದೆ, ಆದ್ದರಿಂದ ಒಂದು ಮುಷ್ಟಿಯಷ್ಟು ಅಂತರ ಬಿಡಿ.

ಹೊರಗಿನ ಕಾಲು, ಅಂದರೆ ಎಡಗಾಲು, ಇಲ್ಲಿ ನಿಜವಾದ ದುಡಿಮೆಗಾರ. ಅದರ ತೊಡೆ ಮತ್ತು ಮಂಡಿ ಟ್ಯಾಂಕಿಗೆ ಬಿಗಿಯಾಗಿ ಒತ್ತಿರಬೇಕು, ಹಿಮ್ಮಡಿ ಫುಟ್‌ಪೆಗ್‌ನ ಹಿಂದಿನ ತಗಡಿಗೆ ಆನಿಸಿರಬೇಕು. ನೀವು ಬೈಕಿಗೆ ಜೋತುಬಿದ್ದಿರುವುದು ಆ ಕಾಲಿನಿಂದ, ಕೈಗಳಿಂದಲ್ಲ. ಒಳಗಿನ ಮಂಡಿಯನ್ನು ಸೊಂಟದ ಕೀಲಿನಿಂದ ಸಡಿಲವಾಗಿ ತೆರೆದುಬಿಡಿ. ಎದೆ ತಗ್ಗಲಿ, ಬಲ ಮೊಣಕೈ ಮಡಚಲಿ, ಗಲ್ಲ ಬಲಗನ್ನಡಿಯ ದಿಕ್ಕಿಗೆ ಬರಲಿ. ಸೊಂಟ ಮಾತ್ರ ಹೊರಗೆ ಹೋಗಿ ತಲೆ ಟ್ಯಾಂಕಿನ ಮೇಲೆಯೇ ಉಳಿದರೆ ಪ್ರಯೋಜನ ಅರ್ಧಕ್ಕರ್ಧ ಹೋಯಿತು. ಹೊಸಬರಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ.

ಈಗ ಪರೀಕ್ಷೆ. ಬಲಗೈಯನ್ನು ಹ್ಯಾಂಡಲಿನಿಂದ ಪೂರ್ತಿ ಬಿಡಿ. ಮೈ ಕುಸಿಯದಿದ್ದರೆ ಭಂಗಿ ಸರಿ. ಕುಸಿದರೆ ಭಾರ ಕೈಯ ಮೇಲಿತ್ತು ಎಂದರ್ಥ. ತೊಡೆ ನಡುಗುವುದು ಸಹಜ, ವಾರಗಟ್ಟಲೆ ಮಾಡಿದರೆ ಹೋಗುತ್ತದೆ. ಎರಡೂ ಬದಿಗೆ ಸಮನಾಗಿ ಮಾಡಿ, ಮುಂದಿನಿಂದ ಮತ್ತು ಹಿಂದಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ.

ಹಂತ 2: ವೃತ್ತ ಮತ್ತು ಎಂಟು

ಗೇಟಿರುವ, ಕಾಂಕ್ರೀಟ್ ಅಥವಾ ಡಾಂಬರು ಹಾಸಿದ ದೊಡ್ಡ ಅಂಗಳ ಬೇಕು. ಅಕ್ಕಿ ಮಿಲ್ಲು, ಗೇರುಬೀಜ ಕಾರ್ಖಾನೆಗಳ ಅಂಗಳ ರಜೆಯ ದಿನ ಖಾಲಿ ಇರುತ್ತದೆ, ಮಾಲೀಕರನ್ನು ಕೇಳಿ ನೋಡಿ. ಗೇರು ಸಿಪ್ಪೆಯ ಎಣ್ಣೆ ಹರಿದ ಜಾಗವಾದರೆ ಕೊಟ್ಟರೂ ಬೇಡ. ಒಣಗಿರಬೇಕು, ಗುಡಿಸಿರಬೇಕು, ಮಕ್ಕಳು, ನಾಯಿ ಬರಬಾರದು. ಹೆಲ್ಮೆಟ್, ಕೈಗವಸು, ಗಟ್ಟಿ ಜಾಕೆಟ್, ಬೂಟು ಇಲ್ಲಿಯೂ ಬೇಕು.

ಹಳೆಯ ಟೆನಿಸ್ ಚೆಂಡುಗಳನ್ನು ಅರ್ಧಕ್ಕೆ ಕತ್ತರಿಸಿ 15 ಮೀಟರ್ ತ್ರಿಜ್ಯದ ವೃತ್ತವಾಗಿ ಇಡಿ. ಮೇಲೆ ಹತ್ತಿದರೂ ಬೀಳಿಸುವುದಿಲ್ಲ. ಎರಡನೇ ಗೇರ್, ಗಂಟೆಗೆ 20 ಕಿ.ಮೀ.ನಿಂದ ಆರಂಭ. 30 ತಲುಪಿದಾಗ ಬೈಕ್ 25 ಡಿಗ್ರಿಯಷ್ಟು ವಾಲಿರುತ್ತದೆ, ಮಂಡಿ ತಾಗುವುದಿಲ್ಲ, ತಾಗಬೇಕಾಗಿಯೂ ಇಲ್ಲ. ಇಲ್ಲಿ ಕಲಿಯಬೇಕಾದ್ದು ಮೂರು.

ಒಂದು, ಕಣ್ಣು. ಮುಂದಿನ ಚಕ್ರದ ಎದುರಿನ ನೆಲವನ್ನಲ್ಲ, ವೃತ್ತದ ಎದುರು ಬದಿಯನ್ನು ನೋಡಿ. ಕುತ್ತಿಗೆಯನ್ನೇ ತಿರುಗಿಸಬೇಕು. ನೋಟ ಹೋದಲ್ಲಿಗೆ ಬೈಕ್ ಹೋಗುತ್ತದೆ, ಚರಂಡಿಗೂ ಸೇರಿ.

ಎರಡು, ಹ್ಯಾಂಡಲ್. ಬಲಕ್ಕೆ ವಾಲಬೇಕಾದರೆ ಬಲ ಹ್ಯಾಂಡಲನ್ನು ಮುಂದಕ್ಕೆ ಮೆಲ್ಲಗೆ ಒತ್ತಬೇಕು. ಕೇಳಲು ವಿಚಿತ್ರ, ಆದರೆ ಓಡುವ ಬೈಕು ವಾಲುವುದೇ ಹಾಗೆ, ನೀವು ಇಷ್ಟು ದಿನ ಗೊತ್ತಿಲ್ಲದೆಯೇ ಅದನ್ನು ಮಾಡುತ್ತಿದ್ದೀರಿ. ಗೊತ್ತಿದ್ದು ಮಾಡಿದರೆ ಎಷ್ಟು ಬೇಗ, ಎಷ್ಟು ವಾಲಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಮೂರು, ಆಕ್ಸಿಲರೇಟರ್. ವಾಲಿದ ಮೇಲೆ ಅದನ್ನು ಒಂದೇ ಮಟ್ಟದಲ್ಲಿ ಹಿಡಿಯಿರಿ, ಆಮೇಲೆ ಕೂದಲೆಳೆಯಷ್ಟೇ ಹೆಚ್ಚಿಸುತ್ತ ಹೋಗಿ. ಹೆದರಿ ಥಟ್ಟನೆ ಬಿಟ್ಟರೆ ಭಾರವೆಲ್ಲ ಮುಂದಿನ ಟಯರಿಗೆ ಬೀಳುತ್ತದೆ. ಆ ಹೆದರಿಕೆ ಹೋಗುವವರೆಗೆ ಟ್ರ್ಯಾಕಿಗೆ ದುಡ್ಡು ಕಟ್ಟಬೇಡಿ.

ವೃತ್ತ ಪಳಗಿದ ಮೇಲೆ ಎಂಟರ ಆಕಾರ. ಒಂದು ಬದಿಯಿಂದ ಇನ್ನೊಂದಕ್ಕೆ ಮೈ ಸಾಗಿಸುವಾಗ ಬೈಕ್ ಕುಲುಕಬಾರದು.

ಹಂತ 3: ಟ್ರ್ಯಾಕಿಗೆ ಹೊರಡುವ ಮುನ್ನ

ನಮಗೆ ಅನುಕೂಲದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಉದ್ದ ಸುಮಾರು 2.1 ಕಿ.ಮೀ. ಮಂಗಳೂರು ಸೆಂಟ್ರಲ್‌ನಿಂದ ಕೊಯಮತ್ತೂರಿಗೆ ನೇರ ರೈಲಿದೆ. ಶ್ರೀಪೆರಂಬುದೂರು ಬಳಿಯ ಇರುಂಗಾಟುಕೋಟೈನಲ್ಲಿರುವ ಮದ್ರಾಸ್ ಟ್ರ್ಯಾಕ್ 1990ರದ್ದು, 3.7 ಕಿ.ಮೀ. ಉದ್ದ, ಹೆಚ್ಚು ವೇಗದ್ದು. ಎರಡರಲ್ಲೂ ತರಬೇತಿ ಶಾಲೆಗಳು, ಟ್ರ್ಯಾಕ್ ಡೇಗಳು ನಡೆಯುತ್ತವೆ. ಬೆಂಗಳೂರಿನ ಸುತ್ತ ಗೋಕಾರ್ಟ್ ಟ್ರ್ಯಾಕ್‌ಗಳಲ್ಲಿ ಸಣ್ಣ ಬೈಕುಗಳ ತರಬೇತಿಯೂ ಸಿಗುತ್ತದೆ. ಮೊದಲ ಸಲಕ್ಕೆ ನನ್ನ ಓಟು ಅದಕ್ಕೇ: ತಿರುವು ಸಣ್ಣದು, ವೇಗ ಕಡಿಮೆ, ಬಿದ್ದರೂ ಪೆಟ್ಟು ಕಡಿಮೆ.

ಬೈಕಿನ ಬಗ್ಗೆ ಚಿಂತೆ ಬೇಡ. 150–200 ಸಿಸಿಯದೇ ಸಾಕು. ಹುಬ್ಬಳ್ಳಿಯ ಅನೀಶ್ ಶೆಟ್ಟಿ ಗೆದ್ದ ಕಾಂಟಿನೆಂಟಲ್ ಜಿಟಿ ಕಪ್ ನಡೆಯುವುದು ಹಳೆಯ ಶೈಲಿಯ, ಭಾರವಾದ ರಾಯಲ್ ಎನ್‌ಫೀಲ್ಡ್‌ಗಳ ಮೇಲೆ. ಟಯರ್ ಮಾತ್ರ ಹೊಸದಿರಲಿ, ಚೈನು, ಬ್ರೇಕ್ ಪ್ಯಾಡ್ ನೋಡಿಸಿ. ಕನ್ನಡಿ ಬಿಚ್ಚಬೇಕಾಗುತ್ತದೆ, ಲೈಟುಗಳಿಗೆ ಟೇಪ್ ಹಚ್ಚಬೇಕಾಗುತ್ತದೆ, ಕೆಲವೆಡೆ ಕೂಲಂಟ್ ತೆಗೆದು ಬರೇ ನೀರು ತುಂಬಿಸಲು ಹೇಳುತ್ತಾರೆ.

ಮೈಗೆ ಪೂರ್ತಿ ಚರ್ಮದ ಸೂಟು, ಬೆನ್ನಿಗೆ ರಕ್ಷಾಕವಚ, ಮಣಿಕಟ್ಟು ಮುಚ್ಚುವ ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಫುಲ್‌ಫೇಸ್ ಹೆಲ್ಮೆಟ್. ಮಂಡಿಯ ಮೇಲೆ ವೆಲ್ಕ್ರೋದಿಂದ ಅಂಟಿಸುವ ಪ್ಲಾಸ್ಟಿಕ್ ಸ್ಲೈಡರ್. ಜೀನ್ಸ್ ಮೇಲೆ ನೀ ಪ್ಯಾಡ್ ಕಟ್ಟಿಕೊಂಡರೆ ನಡೆಯುವುದಿಲ್ಲ. ಸೂಟು ಬಾಡಿಗೆಗೆ ಸಿಗುವುದುಂಟು, ನೋಂದಣಿ ಮಾಡುವಾಗಲೇ ಅಳತೆ ಕೊಡಿ. ನಿಮ್ಮ ಬೈಕಿನ ಸಾಮಾನ್ಯ ವಿಮೆ ರೇಸ್, ವೇಗದ ಪರೀಕ್ಷೆಯಲ್ಲಾದ ಹಾನಿಯನ್ನು ಕಟ್ಟಿಕೊಡುವುದಿಲ್ಲ. ಆರೋಗ್ಯ ವಿಮೆಯ ಷರತ್ತನ್ನೂ ಓದಿಕೊಳ್ಳಿ.

ಟ್ರ್ಯಾಕ್ ಎಂದರೆ ಅಪಾಯವೇ ಇಲ್ಲ ಎಂದಲ್ಲ. 2023ರ ಆಗಸ್ಟ್ 5ರಂದು ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಸವಾರ ಶ್ರೇಯಸ್ ಹರೀಶ್ ಮದ್ರಾಸ್ ಟ್ರ್ಯಾಕಿನ ರೇಸಿನಲ್ಲಿ ಬಿದ್ದು ಜೀವ ಕಳೆದುಕೊಂಡ. ಆದರೆ ರಸ್ತೆಯಂತೆ ಅಲ್ಲಿ ಎದುರಿನಿಂದ ವಾಹನ ಬರುವುದಿಲ್ಲ, ಆಂಬುಲೆನ್ಸ್ ಕಾಯುತ್ತಿರುತ್ತದೆ, ಬಾವುಟ ಹಿಡಿದ ಮಾರ್ಷಲ್‌ಗಳು ಇರುತ್ತಾರೆ. ವ್ಯತ್ಯಾಸ ಇಷ್ಟೇ, ಆದರೆ ಇದು ದೊಡ್ಡ ವ್ಯತ್ಯಾಸ.

ಹಂತ 4: ತಾಗಿಸುವುದು

ಮೊದಲ ಸುತ್ತುಗಳು ಟಯರ್ ಬಿಸಿಯಾಗುವುದಕ್ಕೆ. ಒಂದೇ ಸಮನೆ ತಿರುಗುವ ಉದ್ದದ ತಿರುವೊಂದನ್ನು ಆರಿಸಿಕೊಳ್ಳಿ. ಯಾವುದು ಎಂದು ತರಬೇತುದಾರರನ್ನೇ ಕೇಳಿ. ಕ್ರಮ ಹೀಗೆ: ನೇರ ರಸ್ತೆಯಲ್ಲೇ ಸೊಂಟ ಸರಿಸಿ, ಬ್ರೇಕ್ ಹಾಕಿ ಗೇರ್ ಇಳಿಸಿ, ತಿರುವಿನ ಒಳಗೆ ನೋಡಿ, ಹ್ಯಾಂಡಲ್ ಒತ್ತಿ ವಾಲಿಸಿ, ಮೈಯನ್ನು ತಗ್ಗಿಸಿ, ಆಕ್ಸಿಲರೇಟರ್ ಹಿಡಿದುಕೊಳ್ಳಿ. ವಾಲಿದ ಮೇಲೆ ಸೊಂಟ ಸರಿಸಿದರೆ ಬೈಕ್ ಅಲುಗುತ್ತದೆ.

ಪ್ರತಿ ಸುತ್ತಿಗೂ ತಿರುವಿನೊಳಗಿನ ವೇಗವನ್ನು ಒಂದೆರಡು ಕಿ.ಮೀ.ಯಷ್ಟೇ ಏರಿಸಿ, ಉಳಿದ ಯಾವುದನ್ನೂ ಬದಲಿಸಬೇಡಿ. ಯಾವುದೋ ಒಂದು ಸುತ್ತಿನಲ್ಲಿ ಪ್ಲಾಸ್ಟಿಕ್ ಡಾಂಬರಿಗೆ ಕೆರೆದ ಕರಕರ ಸದ್ದು ತಾನಾಗಿ ಕೇಳಿಸುತ್ತದೆ. ಬೆಚ್ಚಿಬಿದ್ದು ಆಕ್ಸಿಲರೇಟರ್ ಬಿಡುವವರೇ ಹೆಚ್ಚು, ಮೊದಲೇ ಮನಸ್ಸಿಗೆ ಹೇಳಿಟ್ಟುಕೊಳ್ಳಿ. ತಾಗಿದೊಡನೆ ಮಂಡಿಯನ್ನು ತುಸು ಒಳಗೆಳೆದುಕೊಳ್ಳಿ. ಅದರ ಮೇಲೆ ಭಾರ ಹಾಕಿದರೆ ಟಯರ್ ನೆಲ ಬಿಡುತ್ತದೆ.

ದಿನವಿಡೀ ತಾಗದಿದ್ದರೆ ವೇಗವನ್ನು ದೂರುವ ಮೊದಲು ವಿಡಿಯೊ ನೋಡಿ. ಬೂಟು ಉಜ್ಜುತ್ತಿದ್ದರೆ ಪಾದ ತಪ್ಪು. ಫುಟ್‌ಪೆಗ್ ಉಜ್ಜಿಯೂ ಮಂಡಿ ಮೇಲಿದ್ದರೆ ತಲೆ, ಎದೆ ಬೈಕಿನ ನಡುವೆಯೇ ಉಳಿದಿದೆ. ಎಡಕ್ಕೆ ತಾಗಿ ಬಲಕ್ಕೆ ತಾಗದಿದ್ದರೆ ಆಕ್ಸಿಲರೇಟರ್ ತಿರುಚಿದ ಮಣಿಕಟ್ಟು ಮೊಣಕೈಯನ್ನು ಮಡಚಲು ಬಿಡುತ್ತಿಲ್ಲ. ಗ್ರಿಪ್ಪನ್ನು ಬೆರಳ ತುದಿಗಳಲ್ಲಿ, ತಿರುಗಣೆ ಹಿಡಿದಂತೆ ಹಿಡಿದು ನೋಡಿ. ದಣಿವಾದರೆ ಕೊನೆಯ ಸೆಷನ್ ಬಿಟ್ಟುಬಿಡಿ, ದುಡ್ಡು ಹೋದರೆ ಹೋಗಲಿ.

ಊರಿಗೆ ಹೊರಡುವ ಮೊದಲು ಕನ್ನಡಿ ಹಾಕಿ, ಟೇಪ್ ಕೀಳಿ, ಕೂಲಂಟ್ ಮರಳಿ ತುಂಬಿಸಿ. ಟ್ರ್ಯಾಕಿಗೆಂದು ಟಯರಿನ ಗಾಳಿ ಇಳಿಸಿದ್ದರೆ ಕಂಪನಿ ಹೇಳಿದ ಮಟ್ಟಕ್ಕೆ ಏರಿಸಿ. ಸ್ಲೈಡರ್‌ಗಳನ್ನು ಸೂಟಿನಿಂದ ಕಿತ್ತು ಚೀಲಕ್ಕೆ ಹಾಕಿಬಿಡಿ.