ಬಾರದ ಮಗುವನ್ನು ಮೊದಲ ದಿನವೇ ಕೇಳಿ

ಮಗು ಶಾಲೆಗೆ ಬಾರದ ದಿನ ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬೀಳುತ್ತದೆ. ಯಾಕೆ ಬರಲಿಲ್ಲ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೇಷ್ಟ್ರಾಗಿ, ಕೊನೆಯ ವರ್ಷಗಳಲ್ಲಿ ಮುಖ್ಯಶಿಕ್ಷಕನಾಗಿ ದುಡಿದು ನಿವೃತ್ತನಾದ ನನಗೆ ಈ ವೃತ್ತಿ ಕಲಿಸಿದ್ದರಲ್ಲಿ ಮುಖ್ಯವಾದದ್ದು ಆ ಕಾರಣವನ್ನು ಹುಡುಕುವುದು. ಗೈರುಹಾಜರಿಯ ನಿಯಮ ಎಷ್ಟೇ ಬಿಗಿಯಾಗಿರಲಿ, ಮಗು ಬಾರದ ಮೊದಲ ದಿನವೇ ಯಾರಾದರೊಬ್ಬರು ಅದರ ಮನೆಗೆ ಹೋಗಿ ಕೇಳದಿದ್ದರೆ ಆ ನಿಯಮದಿಂದ ಮಗುವಿಗೆ ಉಪಯೋಗವಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಆಗ ಬಹಳ ದಿನ ಬಾರದ ಮಗುವಿನ ಹೆಸರನ್ನು ಹೊಡೆದುಹಾಕುವ ರೂಢಿಯಿತ್ತು. ಹೆಸರು ಹೋದ ಮೇಲೆ ಆ ಮಗು ಯಾರ ಜವಾಬ್ದಾರಿಯೂ ಆಗಿರುತ್ತಿರಲಿಲ್ಲ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. 6ರಿಂದ 14 ವರ್ಷದ ಮಗುವನ್ನು ಎಲಿಮೆಂಟರಿ ಶಿಕ್ಷಣ ಮುಗಿಯುವ ತನಕ ಶಾಲೆಯಿಂದ ಹೊರಹಾಕುವಂತಿಲ್ಲ. ಮಗು ಶಾಲೆಗೆ ಸೇರಿದರೆ ಸಾಲದು, ದಿನವೂ ಬರುತ್ತಿದೆಯೇ, ಓದು ಮುಗಿಸುತ್ತಿದೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನೂ ಕಾಯ್ದೆ ಸರ್ಕಾರಕ್ಕೆ, ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿತು. ಪೋಷಕರನ್ನು ಕರೆದು ಮಗುವಿನ ಹಾಜರಾತಿಯ ಬಗ್ಗೆ ತಿಳಿಸುವುದು ಶಿಕ್ಷಕರ ಕರ್ತವ್ಯಗಳಲ್ಲಿ ಒಂದಾಯಿತು.

2013ರಲ್ಲಿ ನಮ್ಮ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅದುವರೆಗೆ 60 ದಿನ ಬಾರದ ಮಗುವನ್ನು ಮಾತ್ರ ಶಾಲೆ ಬಿಟ್ಟದ್ದೆಂದು ಎಣಿಸುತ್ತಿದ್ದರು. ಆಮೇಲೆ ಆ ಮಿತಿ ಏಳು ದಿನಕ್ಕೆ ಇಳಿಯಿತು. ಸತತವಾಗಿ ಏಳು ದಿನ ಬಾರದಿದ್ದರೆ ಮುಖ್ಯಶಿಕ್ಷಕ ಮೇಲಿನವರಿಗೆ ವರದಿ ಮಾಡಬೇಕು, ಮಗುವನ್ನು ಹುಡುಕಬೇಕು. ಒಳ್ಳೆಯ ನಿಯಮ. ಆದರೆ ನಮ್ಮ ಕಡೆ ಮನೆಮಂದಿಯೆಲ್ಲ ರಾತ್ರಿ ಬಸ್ಸು ಹತ್ತಿದರೆ ಏಳನೆಯ ದಿನಕ್ಕೆ ಆ ಮಗು ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತದೆ. ಅದಕ್ಕೇ ನಾನು ಮೊದಲ ದಿನದ ಮಾತಾಡುತ್ತಿರುವುದು.

ಬಾರದ ಮಕ್ಕಳ ಕಾರಣ ಬರೆದಿಡಲೆಂದೇ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಬೆಳಿಗ್ಗೆ ಹಾಜರಿ ಕೂಗಿ ಮುಗಿದ ಕೂಡಲೇ ಪಕ್ಕದ ಮನೆಯ ಮಗುವನ್ನು ಕೇಳಿ ಬರೆಯುವುದು, ಸಂಜೆ ಶಾಲೆ ಬಿಟ್ಟ ಮೇಲೆ ಆ ಮನೆಯ ಮುಂದೆ ಹಾದು ಬರುವುದು. ಬಿಸಿಯೂಟದ ಅಡುಗೆಯ ಅಕ್ಕಂದಿರು ನನಗೆ ಬಹಳ ನೆರವಾದರು. ಯಾರ ಮನೆಯಲ್ಲಿ ಕಾಯಿಲೆ, ಯಾರು ಗುಳೆ ಹೊರಟಿದ್ದಾರೆ, ಯಾವ ಹುಡುಗಿಗೆ ಗಂಡು ನೋಡಲು ಬಂದಿದ್ದರು ಎಂಬುದೆಲ್ಲ ಅವರಿಗೆ ಮೊದಲು ತಿಳಿಯುತ್ತಿತ್ತು. ವರ್ಷ ಕಳೆದಂತೆ ಆ ನೋಟ್‌ಬುಕ್ ಊರಿನ ಪಂಚಾಂಗವೇ ಆಯಿತು. ಇಂಥ ತಿಂಗಳಲ್ಲಿ ಇಂಥ ಓಣಿಯ ಮಕ್ಕಳು ಬರುವುದಿಲ್ಲ ಎಂದು ಮುಂಚೆಯೇ ಹೇಳಬಹುದಿತ್ತು. ಬೇರೆ ಬೇರೆ ಮಕ್ಕಳ ಸೋಮಾರಿತನ ಎಂದು ಕಾಣುತ್ತಿದ್ದದ್ದು ಒಟ್ಟಿಗೆ ಇಟ್ಟು ನೋಡಿದಾಗ ಮಳೆ, ಬೆಳೆ, ಸಾಲಗಳ ಲೆಕ್ಕವಾಗಿ ಕಂಡಿತು.

ಮೊದಲಿಗೆ ಶೇಂಗಾ. ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಸಿದ ಬೆಳೆ ಅದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ಜೂನ್, ಜುಲೈನಲ್ಲಿ ಹದ ಸಿಕ್ಕಾಗ ಬಿತ್ತಿದ್ದನ್ನು ಅಕ್ಟೋಬರ್, ನವೆಂಬರ್‌ನಲ್ಲಿ ಕೀಳಬೇಕು. ಭೂಮಿ ಒಣಗಿ ಗಟ್ಟಿಯಾಗುವ ಮೊದಲೇ ಕೀಳಬೇಕು, ಇಲ್ಲವಾದರೆ ಕಾಯಿ ನೆಲದಲ್ಲೇ ಉಳಿಯುತ್ತದೆ. ಆಗ ಊರೇ ಹೊಲದಲ್ಲಿರುತ್ತದೆ. ದೊಡ್ಡ ಮಕ್ಕಳು ಕಾಯಿ ಬಿಡಿಸಲು ಕೂರುತ್ತಾರೆ, ಸಣ್ಣವರು ಇನ್ನೂ ಸಣ್ಣವರನ್ನು ಎತ್ತಿಕೊಂಡು ಮರದ ನೆರಳಲ್ಲಿರುತ್ತಾರೆ. ದಸರಾ ರಜೆ ಹೆಚ್ಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಮೊದಲೇ ಮುಗಿದಿರುತ್ತದೆ. ರಜೆಯಲ್ಲಿ ಮಕ್ಕಳು ಸುಮ್ಮನೆ ತಿರುಗುತ್ತವೆ, ಶಾಲೆ ತೆರೆದ ಮೇಲೆ ಹೊಲಕ್ಕೆ ಹೋಗುತ್ತವೆ.

ನೀರಿಗೆ ಕಾದು ಬೆಳೆದ ಬೆಳೆಯನ್ನು ಬಿಟ್ಟು ಮಗುವನ್ನು ಕಳಿಸು ಎಂದು ತಾಯಿಗೆ ಬುದ್ಧಿ ಹೇಳುವುದಕ್ಕಿಂತ ರಜೆಯ ದಿನಗಳನ್ನು ಸರಿಸುವುದು ಸುಲಭ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡಿದೆ. ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಅದರಲ್ಲಿದೆ, ಶೈಕ್ಷಣಿಕ ವೇಳಾಪಟ್ಟಿಯನ್ನು ತೀರ್ಮಾನಿಸುವುದೂ ಅದರಲ್ಲಿದೆ. ಕಾಯ್ದೆ ಕೇಳುವುದು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, ಆರರಿಂದ ಎಂಟಕ್ಕೆ 220 ದಿನ. ಆ ದಿನಗಳು ತುಂಬಿದರೆ ರಜೆ ಎರಡು ವಾರ ಹಿಂದೆ ಮುಂದೆ ಆಗುವುದರಿಂದ ಪಾಠಕ್ಕೆ ನಷ್ಟವಿಲ್ಲ. ಕರಾವಳಿಯಲ್ಲಿ ನವರಾತ್ರಿಗೆ ತಕ್ಕಂತೆ ದಸರಾ ರಜೆಯ ದಿನ ಬದಲಾಯಿಸಿದ್ದುಂಟು. ಸ್ಕಾಟ್ಲೆಂಡಿನಲ್ಲಿ ಶಾಲೆಗಳ ಅಕ್ಟೋಬರ್ ರಜೆಗೆ ಇಂದಿಗೂ ಆಲೂಗೆಡ್ಡೆ ರಜೆ ಎಂಬ ಹೆಸರು ಉಳಿದಿದೆ, ಗೆಡ್ಡೆ ಆರಿಸಲು ಮಕ್ಕಳು ಹೋಗುತ್ತಿದ್ದ ಕಾಲದ ಹೆಸರು ಅದು. ಅವರು ಆಲೂಗೆಡ್ಡೆಗೆ ಮಾಡಿದ್ದನ್ನು ನಾವು ಶೇಂಗಾಕ್ಕೆ ಮಾಡಬಹುದು.

ಇದರಿಂದ ಮಕ್ಕಳ ದುಡಿಮೆಗೆ ಬಾಗಿಲು ತೆರೆದಂತಾಗದೇ ಎಂದು ಕೇಳುವವರಿದ್ದಾರೆ. ಪರರ ಹೊಲದಲ್ಲಿ ಮಗುವನ್ನು ಕೂಲಿಗೆ ಇಡುವುದು ಅಪರಾಧ, ಅದರಲ್ಲಿ ರಾಜಿಯಿಲ್ಲ. ಹದಿನಾಲ್ಕರೊಳಗಿನ ಮಗು ತನ್ನ ಮನೆಯ ಕೆಲಸಕ್ಕೆ ನೆರವಾಗುವುದನ್ನು 2016ರ ತಿದ್ದುಪಡಿ ಶಾಲೆಯ ಅವಧಿ ಮುಗಿದ ಮೇಲೆ ಮತ್ತು ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಹೇಗೂ ನಡೆಯುತ್ತಿರುವ ಮನೆಯ ನೆರವು ರಜೆಯೊಳಗೆ ಬಂದರೆ ಪಾಠ ಉಳಿಯುತ್ತದೆ.

ಎರಡನೆಯದು ಗುಳೆ. ಶೇಂಗಾ ಕೈಕೊಟ್ಟ ವರ್ಷ ನವೆಂಬರ್ ಮುಗಿಯುವ ಹೊತ್ತಿಗೆ ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಕುರಿ ಸಾಕುವವರು ಮಂದೆ ಹೊಡೆದುಕೊಂಡು ಭದ್ರಾ ನೀರಾವರಿಯ ಕಡೆಗೆ ಇಳಿಯುತ್ತಾರೆ. ಅಜ್ಜ ಅಜ್ಜಿ ಗಟ್ಟಿಯಾಗಿದ್ದರೆ ಮಗುವನ್ನು ಊರಲ್ಲೇ ಬಿಡುವಂತೆ ನಾನು ಒಪ್ಪಿಸುತ್ತಿದ್ದೆ. ಮಧ್ಯಾಹ್ನ ಬಿಸಿಯೂಟ ಇದೆ, ಹಾಲು ಇದೆ ಎಂಬುದು ಅಜ್ಜಿಯರಿಗೆ ದೊಡ್ಡ ಧೈರ್ಯ. ಬರ ಬಿದ್ದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಟ್ಟ ವರ್ಷಗಳಲ್ಲಿ ಎಷ್ಟೋ ಮಕ್ಕಳು ಊರಲ್ಲೇ ಉಳಿದವು.

ಕರೆದುಕೊಂಡೇ ಹೋಗುತ್ತೇವೆ ಎನ್ನುವವರಿಗೆ ನಾನು ಒಂದು ಚೀಟಿ ಬರೆದು ಕೊಡುತ್ತಿದ್ದೆ. ಅದರಲ್ಲಿ ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ, ನಮ್ಮ ಶಾಲೆಯ ಫೋನ್ ನಂಬರ್. “ಅಲ್ಲಿ ಯಾವ ಸರ್ಕಾರಿ ಶಾಲೆಗಾದ್ರೂ ಹೋಗಿ ಈ ಚೀಟಿ ತೋರ್ಸಮ್ಮ, ಟಿಸಿ ಆಮೇಲೆ ಬರ್ತದೆ ಅನ್ನು” ಎಂದು ಹೇಳುತ್ತಿದ್ದೆ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಇದು ಗೊತ್ತಿರುವ ತಾಯಿ ತೋಟದ ಪಕ್ಕದ ಶಾಲೆಯ ಮುಂದೆ ಧೈರ್ಯವಾಗಿ ನಿಲ್ಲುತ್ತಾಳೆ. ಕೆಲವು ಸಲ ಮಲೆನಾಡಿನ ಶಾಲೆಗಳಿಂದ ಮೇಷ್ಟ್ರುಗಳ ಫೋನ್ ಬರುತ್ತಿತ್ತು. ಆ ದಿನ ನನಗೆ ಹಬ್ಬ.

ಮೂರನೆಯದು ಹೆಣ್ಣುಮಕ್ಕಳ ವಿಷಯ. ನಮ್ಮಲ್ಲಿ ಕಾಡುಗೊಲ್ಲರ ಹಟ್ಟಿಗಳು ಬಹಳ. ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟಳೆ ಹಲವೆಡೆ ಇನ್ನೂ ಇದೆ. ಏಳನೆಯ ತರಗತಿಯ ಹುಡುಗಿ ತಿಂಗಳಿಗೆ ಅಷ್ಟು ದಿನ ತಪ್ಪಿಸಿದರೆ ಗಣಿತದ ಒಂದು ಪಾಠ ಪೂರ್ತಿ ಕೈಬಿಡುತ್ತದೆ, ಮುಂದಿನ ಪಾಠ ಅರ್ಥವಾಗುವುದಿಲ್ಲ, ಮೆಲ್ಲಗೆ ಶಾಲೆಯೇ ಬೇಡವಾಗುತ್ತದೆ. ಕಟ್ಟಳೆ ತಪ್ಪು ಎಂದು ಭಾಷಣ ಮಾಡಲು ಹೋದವರಿಗೆ ಹಟ್ಟಿಯವರು ಬಾಗಿಲು ಮುಚ್ಚಿದ್ದನ್ನು ನೋಡಿದ್ದೇನೆ. ನಮ್ಮ ಶಾಲೆಯ ಟೀಚರಮ್ಮ ಒಬ್ಬರು ಬೇರೆ ದಾರಿ ಹಿಡಿದರು. ಹಟ್ಟಿಯ ಹಿರಿಯ ಹೆಂಗಸರ ಜೊತೆ ಕೂತು, “ಶಾಲೆ ಹಟ್ಟಿ ಒಳಗಿಲ್ಲವಲ್ಲ ಅಜ್ಜಿ, ಹೊರಗೇ ಐತಲ್ಲ, ಮಗು ಅಲ್ಲಿಗೆ ಬಂದ್ರೆ ದೇವರಿಗೇನು ಮೈಲಿಗೆ?” ಎಂದು ಕೇಳಿದರು. ಅಜ್ಜಿ ಬಹಳ ಹೊತ್ತು ಯೋಚಿಸಿ, “ಕಳಿಸ್ತೀವಿ ತಗಳಮ್ಮ” ಎಂದರು. ಕಟ್ಟಳೆ ಅಂದೇ ಹೋಗಲಿಲ್ಲ. ಆದರೆ ಆ ದಿನಗಳಲ್ಲೂ ಹುಡುಗಿಯರು ಶಾಲೆಗೆ ಬರತೊಡಗಿದರು. ನೀರಿರುವ, ಚಿಲಕ ಹಾಕಿಕೊಳ್ಳಬಹುದಾದ ಶೌಚಾಲಯ ಇಲ್ಲದಿದ್ದರೆ ಈ ಒಪ್ಪಂದ ಒಂದು ತಿಂಗಳೂ ಉಳಿಯುತ್ತಿರಲಿಲ್ಲ. ಹೆಣ್ಣುಮಕ್ಕಳ ಹಾಜರಾತಿ ಬೇಕೆನ್ನುವ ಶಾಲೆ ಮೊದಲು ಶೌಚಾಲಯ ಸರಿಮಾಡಬೇಕು.

ಇನ್ನೊಂದು ಕಾರಣ ಯಾವ ವರದಿಯಲ್ಲೂ ಬರುವುದಿಲ್ಲ, ಅದು ಮನೆಮಾತು. ಮೊಳಕಾಲ್ಮೂರು ಕಡೆಯ ಗಡಿ ಊರುಗಳಲ್ಲಿ, ಮ್ಯಾಸನಾಯಕರ ಹಟ್ಟಿಗಳಲ್ಲಿ ಮನೆಯೊಳಗೆ ತೆಲುಗು. ಒಂದನೆಯ ತರಗತಿಗೆ ಬಂದ ಮಗುವಿಗೆ ಮೇಷ್ಟ್ರ ಕನ್ನಡ ಗೊತ್ತಾಗುವುದಿಲ್ಲ. ಮೂಕನಂತೆ ಕೂತು, ನಾಲ್ಕನೆಯ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿಯುತ್ತದೆ. “ಬುವ್ವ ತಿಂಟಿವಾ?” ಎಂದು ಅದರ ಮಾತಿನಲ್ಲೇ ಊಟದ ವಿಚಾರ ಕೇಳಿದರೆ ಮುಖ ಅರಳುತ್ತದೆ. ಗಡಿಯ ಶಾಲೆಗೆ ಬರುವ ಹೊಸ ಶಿಕ್ಷಕರು ಮೊದಲ ತಿಂಗಳಲ್ಲೇ ಹತ್ತು ತೆಲುಗು ಮಾತು ಕಲಿಯಬೇಕೆಂದು ನಾನು ಹೇಳುತ್ತಿದ್ದೆ. ಮಗು ಆರು ತಿಂಗಳಲ್ಲಿ ತಾನೇ ಕನ್ನಡಕ್ಕೆ ಬರುತ್ತದೆ, ಆದರೆ ಆ ಆರು ತಿಂಗಳು ಅದು ಶಾಲೆಯಲ್ಲಿರಬೇಕು.

ಇಷ್ಟೆಲ್ಲ ಕೆಲಸವನ್ನು ಒಂದೇ ಏಟಿಗೆ ಹಾಳುಮಾಡುವುದು ಸುಳ್ಳು ಹಾಜರಿ. ನಾನು ಕೆಲಕಾಲ ಇದ್ದ ಒಂದು ಶಾಲೆಯಲ್ಲಿ, ಗುಳೆ ಹೋದ ಮಕ್ಕಳ ಹೆಸರಿಗೆ ತಿಂಗಳುಗಟ್ಟಲೆ ಹಾಜರಿ ಬೀಳುತ್ತಿತ್ತು. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬುದು ಕಾಯ್ದೆಯ ಲೆಕ್ಕ. ಸಂಖ್ಯೆ ಇಳಿದರೆ ಹೆಚ್ಚುವರಿ ಎಂದು ವರ್ಗವಾಗುವ ಭಯ, ಮೇಲಿನಿಂದ ನೂರಕ್ಕೆ ನೂರು ಹಾಜರಾತಿ ತೋರಿಸಿ ಎಂಬ ಒತ್ತಡ, ಇವೆರಡೂ ಕೂಡಿ ಪೆನ್ನು ಹಿಡಿದ ಕೈಯನ್ನು ಬಗ್ಗಿಸುತ್ತವೆ. ಆದರೆ ಹಾಜರಿ ಬಿದ್ದ ಮಗುವನ್ನು ಯಾರೂ ಹುಡುಕುವುದಿಲ್ಲ. ಅದು ಇಟ್ಟಿಗೆ ಗೂಡಿನಲ್ಲಿದ್ದರೂ, ಹದಿಮೂರಕ್ಕೆ ಮದುವೆಯಾಗಿ ಹೋಗಿದ್ದರೂ, ದಾಖಲೆಯ ಪ್ರಕಾರ ಬೆಂಚಿನ ಮೇಲೆ ಕೂತಿರುತ್ತದೆ. ಗೈರಾದ ಮಗುವನ್ನು ಗೈರು ಎಂದೇ ಬರೆಯುವುದು ಶಿಕ್ಷಕ ಆ ಮಗುವಿಗೆ ಮಾಡುವ ಮೊದಲ ಉಪಕಾರ. ಹಾಗೆ ಬರೆದ ಶಿಕ್ಷಕನನ್ನು ಗದರಿಸುವ ಅಧಿಕಾರಿ ತಾನೇ ಆ ಮಗುವಿನ ದಾರಿ ಮುಚ್ಚುತ್ತಾನೆ.

ಬಿಟ್ಟುಹೋದ ಮಗು ಮರಳಿ ಬಂದ ದಿನದ ಬಗ್ಗೆಯೂ ಹೇಳಬೇಕು. “ಓಹೋ ದೊರೆಗಳು ಬಂದ್ರು, ಈಗ ಶಾಲೆ ನೆನಪಾಯ್ತಾ?” ಎಂಬ ಒಂದು ಮಾತು ಸಾಕು, ಮಾರನೆಯ ದಿನ ಮಗು ಬರುವುದಿಲ್ಲ. ಮಗುವನ್ನು ಹೊಡೆಯುವುದು ಮಾತ್ರವಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಕಾಯ್ದೆ ನಿಷೇಧಿಸಿದೆ. ನಾನು ಮಾಡುತ್ತಿದ್ದದ್ದು ಇಷ್ಟು: ಮರಳಿದ ಮಗುವಿಗೆ ಮೊದಲ ದಿನ ತಪ್ಪಿದ ಪಾಠ ಕೇಳುವುದಿಲ್ಲ, ಗೊತ್ತಿರುವುದನ್ನು ಕೇಳುತ್ತೇನೆ. ತೋಟದಿಂದ ಬಂದ ಹುಡುಗ ಕಾಫಿ ಹಣ್ಣಿನ ಬಗ್ಗೆ ತರಗತಿಗೆ ಹೇಳುತ್ತಾನೆ, ಮಂದೆಯಿಂದ ಬಂದವನು ಕುರಿಗಳ ಲೆಕ್ಕ ಬೋರ್ಡಿನ ಮೇಲೆ ಮಾಡುತ್ತಾನೆ. ಆಮೇಲೆ ಶಾಲೆ ಮುಗಿದ ಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಹಿಂದಿನ ಪಾಠ. ಬಹುಕಾಲ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೇ ಸೆಕ್ಷನ್ ಹೇಳುವುದೂ ಇದನ್ನೇ.

ಹೈಸ್ಕೂಲಿಗೆ ಹೋದ ಮೇಲೆ ಮಾತು ಬೇರೆ. ಅಲ್ಲಿ ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲಾಗದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈ ಸುದ್ದಿ ತಿಳಿದದ್ದು ಜನವರಿಯಲ್ಲಿ, ಕೊರತೆ ತುಂಬಲು ದಿನಗಳೇ ಉಳಿಯದಿದ್ದಾಗ. ನಿಯಮ ಇರಲಿ. ಆದರೆ ಜೂನ್‌ನಲ್ಲೇ ಪೋಷಕರ ಸಭೆಯಲ್ಲಿ ಅದನ್ನು ಓದಿ ಹೇಳಬೇಕು, ಪ್ರತಿ ತಿಂಗಳ ಕೊನೆಗೆ ಮಗುವಿನ ಶೇಕಡಾವಾರು ಲೆಕ್ಕ ಮನೆಗೆ ತಲುಪಬೇಕು.

ಗ್ರಾಮ ಪಂಚಾಯಿತಿ ಸದಸ್ಯರಲ್ಲಿ, ಎಸ್‌ಡಿಎಂಸಿಯವರಲ್ಲಿ ನನ್ನ ಬೇಡಿಕೆ ಮೂರು. ನಿಮ್ಮ ಸಭೆಯಲ್ಲಿ ಪ್ರತಿ ತಿಂಗಳು ಬಾರದ ಮಕ್ಕಳ ಹೆಸರು ಮತ್ತು ಕಾರಣವನ್ನು ಓದಿಸಿ. ಶೇಂಗಾ ಕೀಳುವ ವಾರಗಳಿಗೆ ದಸರಾ ರಜೆ ಹೊಂದಿಸಿ ಎಂದು ಠರಾವು ಮಾಡಿ ಬಿಇಒ ಕಚೇರಿಗೂ ಡಿಡಿಪಿಐ ಕಚೇರಿಗೂ ಕಳಿಸಿ. ಗುಳೆ ಹೊರಟ ಮನೆಯ ಮಗುವಿನ ಕೈಗೆ ಶಾಲೆಯ ಚೀಟಿ ತಲುಪಿತೇ ಎಂದು ನೋಡಿ. ಶಿಕ್ಷಕ ಮಿತ್ರರಿಗೆ ಹೇಳುವುದು ಒಂದೇ: ಇಂದು ಬೆಳಿಗ್ಗೆ ನಿಮ್ಮ ತರಗತಿಯಲ್ಲಿ ಯಾವ ಮಗು ಇರಲಿಲ್ಲವೋ, ಇಂದು ಸಂಜೆಯೇ ಅದರ ಮನೆಗೆ ಹೋಗಿ.