ಗದ್ದೆಯ ಕೆಸರು ಮತ್ತು ಇಲಿಜ್ವರ: ಸೋಂಕಿನ ಹಂತಗಳು ಹಾಗೂ ತಡೆಯುವ ಬಗೆ

ಮುಂಗಾರು ಹಿಡಿದು ನಾಟಿ ಆರಂಭವಾದ ಒಂದೆರಡು ವಾರಗಳಲ್ಲಿ ಕರಾವಳಿ ಮತ್ತು ಮಲೆನಾಡಿನ ರೈತರಲ್ಲಿ ಜ್ವರ ಕಾಣಿಸಿಕೊಳ್ಳುವುದುಂಟು. ಮಳೆಯಲ್ಲಿ ನೆನೆದದ್ದರಿಂದ ಬಂದ ಜ್ವರವೆಂದು ಹಲವರು ಕಡೆಗಣಿಸುತ್ತಾರೆ. ಅದು ಇಲಿಜ್ವರವೂ ಆಗಿರಬಹುದು. ವೈದ್ಯರು ಇದನ್ನು ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಗುಣವಾಗುವ ಈ ರೋಗ, ತಡವಾದರೆ ಪ್ರಾಣಕ್ಕೆ ಎರವಾಗಬಲ್ಲದು.

ಸೋಂಕು ತಗಲುವ ಬಗೆ

ಲೆಪ್ಟೊಸ್ಪೈರಾ ಎಂಬುದು ಸುರುಳಿಯಾಕಾರದ ಬ್ಯಾಕ್ಟೀರಿಯ. ಇಲಿ, ಹೆಗ್ಗಣಗಳ ಮೂತ್ರಪಿಂಡ ಇದರ ಮುಖ್ಯ ನೆಲೆ. ದನ, ಎಮ್ಮೆ, ಹಂದಿ, ನಾಯಿಗಳಲ್ಲಿಯೂ ಇರಬಹುದು. ಇಲಿ ಆರೋಗ್ಯವಾಗಿಯೇ ಓಡಾಡಿಕೊಂಡಿದ್ದು, ಮೂತ್ರದೊಡನೆ ರೋಗಾಣುವನ್ನು ಹೊರಹಾಕುತ್ತಿರುತ್ತದೆ. ನಿಂತ ನೀರು ಮತ್ತು ಹಸಿ ಮಣ್ಣಿನಲ್ಲಿ ರೋಗಾಣು ವಾರಗಟ್ಟಲೆ ಬದುಕಬಲ್ಲದು; ನೆಲ ಒಣಗಿದರೆ ಬೇಗ ಸಾಯುತ್ತದೆ. ಕುಡುಗೋಲಿನ ಗಾಯ, ಕಾಲ್ಬೆರಳ ಸಂದಿನ ಹುಣ್ಣು, ದಿನವಿಡೀ ನೆನೆದು ಮೆತ್ತಗಾದ ಚರ್ಮ, ಕಣ್ಣು, ಮೂಗು, ಬಾಯಿ – ಇವುಗಳ ಮೂಲಕ ಅದು ದೇಹವನ್ನು ಸೇರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರ ಅಪರೂಪ.

ರೋಗದ ಹಂತಗಳು

1. ಅಡಗಿರುವ ಹಂತ: ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನ ಯಾವ ಲಕ್ಷಣವೂ ಕಾಣದು. ಅಷ್ಟರಲ್ಲಿ ಗಾಯ ಮಾಯ್ದು, ಮರೆತೂ ಹೋಗಿರುತ್ತದೆ.

2. ಜ್ವರದ ಹಂತ: ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು ಬರುತ್ತವೆ. ಸೊಂಟ ಹಾಗೂ ಕಾಲಿನ ಮೀನಖಂಡಗಳಲ್ಲಿ ತೀವ್ರ ನೋವಿರುತ್ತದೆ. ಕಣ್ಣು ಕೆಂಪಾಗಬಹುದು. ಔಷಧಿ ಹೆಚ್ಚು ಫಲ ಕೊಡುವುದು ಈ ಹಂತದಲ್ಲಿ.

3. ತೀವ್ರ ಹಂತ: ಕೆಲವರಲ್ಲಿ ಜ್ವರ ಇಳಿದು ಒಂದೆರಡು ದಿನ ಹಾಯೆನಿಸುತ್ತದೆ. ವಾಸಿಯಾಯಿತೆಂದು ತಿಳಿದು ರೈತ ಮತ್ತೆ ಗದ್ದೆಗಿಳಿಯುತ್ತಾನೆ. ಮೋಸ ಹೋಗುವುದು ಇಲ್ಲಿಯೇ. ಜ್ವರ ಮರುಕಳಿಸಿ ಕಾಮಾಲೆ, ಮೂತ್ರ ಕಡಿಮೆಯಾಗುವುದು, ರಕ್ತಸ್ರಾವ, ಉಸಿರಾಟದ ತೊಂದರೆ ಕಾಣಿಸಬಹುದು. ಆಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಮುಂಜಾಗ್ರತೆ ಕ್ರಮಗಳು

* ಗಾಯ, ಹುಣ್ಣು ಇರುವವರು ಅದು ಮಾಯುವವರೆಗೆ ಕೆಸರಿಗಿಳಿಯದಿರುವುದು ಒಳ್ಳೆಯದು. ಇಳಿಯಲೇಬೇಕಾದರೆ ನೀರು ತಾಗದಂತೆ ಗಾಯವನ್ನು ಮುಚ್ಚಬೇಕು.

* ಕೆಸರಿನಲ್ಲಿ ಗಂಬೂಟು ಹಾಕಿ ನಾಟಿ ಮಾಡುವುದು ಕಷ್ಟ. ಆದರೆ ಕೊಟ್ಟಿಗೆ ತೊಳೆಯುವಾಗ, ಬಸಿಗಾಲುವೆ ತೆಗೆಯುವಾಗ ಗಂಬೂಟು, ಕೈಗವಸು ಧರಿಸಬಹುದು.

* ಕೆಲಸ ಮುಗಿದೊಡನೆ ಶುದ್ಧ ನೀರು, ಸೋಪಿನಿಂದ ಕೈಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿಕೊಳ್ಳಬೇಕು. ಗದ್ದೆ ನೀರಿನಲ್ಲಿ ಬಾಯಿ ಮುಕ್ಕಳಿಸಬಾರದು.

* ನಾಟಿಗೆ ಮೊದಲೇ ಬದುಗಳ ಕಳೆ ತೆಗೆದು ಬಿಲಗಳನ್ನು ಮುಚ್ಚಬೇಕು. ಮರುದಿನ ತೆರೆದಿರುವ ಬಿಲಗಳಲ್ಲಿ ಮಾತ್ರ ಶೇಕಡಾ 0.005ರ ಬ್ರೋಮಾಡಿಯೋಲೋನ್ ಬಿಲ್ಲೆಗಳನ್ನಿಡಬೇಕು. ಇಡೀ ಬಯಲಿನ ರೈತರು ಒಟ್ಟಾಗಿ ಮಾಡಿದರೆ ಮಾತ್ರ ಫಲ ಸಿಗುತ್ತದೆ. ಸತ್ತ ಇಲಿಗಳನ್ನು ಬರಿಗೈಯಲ್ಲಿ ಮುಟ್ಟದೆ ಹೂಳಬೇಕು.

* ರೋಗ ಹೆಚ್ಚಿರುವೆಡೆ ವೈದ್ಯರು ತಡೆಗಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ನೀಡುವುದುಂಟು. ಸಲಹೆಯಿಲ್ಲದೆ ಯಾರೂ, ವಿಶೇಷವಾಗಿ ಗರ್ಭಿಣಿಯರು, ಅದನ್ನು ಸೇವಿಸಬಾರದು.

ನಾಟಿಯ ಕಾಲದಲ್ಲಿ ಜ್ವರ ಬಂದರೆ ನೋವಿನ ಮಾತ್ರೆ ನುಂಗಿ ಗದ್ದೆಗೆ ಮರಳದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗದ್ದೆ ಕೆಲಸ ಮಾಡಿದ್ದನ್ನೂ, ಗಾಯವಾಗಿದ್ದನ್ನೂ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗಿ ಜೀವ ಉಳಿಯಬಹುದು.