ಒಂದು ‘ಸೆಟ್’, ನೂರೆಂಟು ಅರ್ಥ: ಬಿಡಿಸಿಕೊಳ್ಳುವುದು ಹೇಗೆ?

ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಬಳಿ ಹೆದ್ದಾರಿ ಬಿಟ್ಟು ತಿರುಗಿದರೆ ಚಿಲಮತ್ತೂರಿನ ದಾರಿ. ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿ ಎನ್ನುವಂಥ ಈ ಗಡಿಸೀಮೆಯಲ್ಲಿ ಕನ್ನಡಕ್ಕೂ ತೆಲುಗಿಗೂ ಸಲ್ಲುವ ಇಂಗ್ಲಿಷ್ ಪದ ‘ಸೆಟ್’. ಹೋಟೆಲಿನಲ್ಲಿ ಸೆಟ್ ದೋಸೆ, ತೋಟದಲ್ಲಿ ಪಂಪ್‌ಸೆಟ್. ಸಂಬಂಧ ಕುದುರಿದರೆ ‘ಸೆಟ್ ಆಯ್ತು’, ತೆಲುಗಿನಲ್ಲಾದರೆ ‘ಸೆಟ್ ಅಯಿಂದಿ’. ಮಾತಿನಲ್ಲಿ ಯಾವ ತೊಡಕೂ ಇಲ್ಲ. ಇಂಗ್ಲಿಷ್ ಪಾಠದಲ್ಲೋ ಕೋರ್ಟಿನ ಕಾಗದದಲ್ಲೋ ಅದೇ ಪದ ಎದುರಾದಾಗಲೇ ಪೇಚಾಟ.

1989ರ ಆಕ್ಸ್‌ಫರ್ಡ್ ಬೃಹತ್ ನಿಘಂಟು ‘ಸೆಟ್’ ಕ್ರಿಯಾಪದವೊಂದಕ್ಕೇ 430 ಅರ್ಥ ಕೊಟ್ಟಿತ್ತು. ವಿವರಣೆಗೆ ಸುಮಾರು 60,000 ಪದ ಹಿಡಿದಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಇಷ್ಟನ್ನು ಬಾಯಿಪಾಠ ಮಾಡಲು ಹೊರಡುವುದು ಹುಚ್ಚು. ನಾಲ್ಕು ಪ್ರಶ್ನೆ ಕೇಳಿಕೊಂಡರೆ ದಿನಬಳಕೆಯ ಮಟ್ಟಿಗೆ ಸಾಕು.

ಮೊದಲನೆಯದು: ಇದು ಕೂರಿಸುವ ಸೆಟ್ಟೋ, ಗುಂಪಿನ ಸೆಟ್ಟೋ? ನಿಜಕ್ಕೂ ಇವೆರಡು ಬೇರೆ ಬೇರೆ ಮೂಲದ ಪದಗಳು. ಕೂರಿಸುವ ಸೆಟ್ ಹಳೆಯ ಇಂಗ್ಲಿಷಿನದು, ‘ಸಿಟ್’ ಪದದ ಒಡಹುಟ್ಟು. ಕನ್ನಡದ ಕೂರು–ಕೂರಿಸು ಇದ್ದ ಹಾಗೆಯೇ. ಉಂಗುರಕ್ಕೆ ಹರಳು ಕೂರಿಸಿದರೂ ಮುರಿದ ಮೂಳೆ ಕೂರಿಸಿದರೂ ಇದೇ ಸೆಟ್. ಮೊಸರು ಹೆಪ್ಪುಗಟ್ಟುವುದೂ ಇದೇ, ಸೂರ್ಯ ಮುಳುಗುವುದೂ ಇದೇ. ಸಿಮೆಂಟ್ ಬಿಗಿಯುವುದನ್ನೂ ಹೀಗೇ ಹೇಳುತ್ತಾರೆ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿನ ಆರಂಭಿಕ ‘ಸೆಟ್ಟಿಂಗ್’ 30 ನಿಮಿಷಕ್ಕಿಂತ ಬೇಗ ಆಗಬಾರದು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಗುಂಪಿನ ಸೆಟ್ ಮಾತ್ರ ಫ್ರೆಂಚ್ ದಾರಿಯಲ್ಲಿ ಲ್ಯಾಟಿನ್‌ನಿಂದ ಬಂದದ್ದು, ಪಂಥ ಎಂಬರ್ಥದ ‘ಸೆಕ್ಟ್’ಗೆ ನೆಂಟ. ಒಂದೇ ತಟ್ಟೆಯಲ್ಲಿ ಒಂದರ ಮೇಲೊಂದು ಬರುವ ದೋಸೆಗಳಿಗೆ ಹೆಸರು ಕೊಟ್ಟದ್ದು ಇದೇ. ಪಂಪು, ಮೋಟಾರು ಜೋಡಿಯಾದ ಪಂಪ್‌ಸೆಟ್ಟಿನದೂ ಇದೇ ಕಥೆ.

ಎರಡನೆಯದು: ಬಾಲದಲ್ಲಿ ಏನಿದೆ? ‘ಸೆಟ್ ಅಪ್’ ಎಂದರೆ ಸ್ಥಾಪಿಸು. ‘ಸೆಟ್ ಇನ್’ ಎಂದರೆ ಮಳೆಯೋ ಚಳಿಯೋ ಹಿಡಿಯುವುದು. ‘ಸೆಟ್ ಆಫ್’ ಊರಿಗೆ ಹೊರಡುವುದೂ ಹೌದು, ಪಟಾಕಿ ಹಚ್ಚುವುದೂ ಹೌದು. ಆದಾಯ ತೆರಿಗೆಯ ಲೆಕ್ಕದಲ್ಲಿ ಒಂದು ಬಾಬ್ತಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡಿಕೊಳ್ಳುವುದು. ಎಲ್ಲಕ್ಕಿಂತ ದುಬಾರಿ ತಪ್ಪಾಗುವುದು ‘ಸೆಟ್ ಅಸೈಡ್’ ಎಂಬಲ್ಲಿ. ಮದುವೆಗೆಂದು ದುಡ್ಡು ‘ಸೆಟ್ ಅಸೈಡ್’ ಮಾಡಿದರೆ ಅದು ಎತ್ತಿಟ್ಟದ್ದು, ಭದ್ರ. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ಆದೇಶವನ್ನು ‘ಸೆಟ್ ಅಸೈಡ್’ ಮಾಡಿದರೆ ಅದು ರದ್ದು. ಜಮೀನಿನ ಆದೇಶ ಹಿಡಿದವರು ಇದನ್ನು ‘ಬದಿಗಿಟ್ಟಿದ್ದಾರೆ, ಆಮೇಲೆ ನೋಡುತ್ತಾರೆ’ ಎಂದು ಓದಿಕೊಂಡರೆ ಮೇಲ್ಮನವಿಯ ಗಡುವೇ ಮೀರಿಹೋದೀತು.

ಮೂರನೆಯದು ಕಾಲ. ‘ಸೆಟ್’ಗೆ ವರ್ತಮಾನ, ಭೂತ ಎರಡಕ್ಕೂ ಒಂದೇ ರೂಪ. ‘ಹೀ ಸೆಟ್ಸ್’ ಎಂದಿದ್ದರೆ ಈಗಿನದು, ಕೊನೆಯ ಸಕಾರವಿಲ್ಲದೆ ‘ಹೀ ಸೆಟ್’ ಎಂದಿದ್ದರೆ ಆಗಿಹೋದದ್ದು. ‘ಐ’, ‘ದೇ’ ಇದ್ದಲ್ಲಿ ಹಿಂದುಮುಂದಿನ ವಾಕ್ಯ ನೋಡದೆ ಗತ್ಯಂತರವಿಲ್ಲ.

ನಾಲ್ಕನೆಯದು: ಮೂರೂ ಅಕ್ಷರ ದೊಡ್ಡದಾಗಿವೆಯೇ? ಹಾಗಿದ್ದರೆ ನಿಘಂಟು ಮುಚ್ಚಿಡಬಹುದು. ಅದು ಕಾಲೇಜು ಅಧ್ಯಾಪಕರಾಗಬೇಕೆನ್ನುವವರು ಬರೆಯುವ ರಾಜ್ಯ ಅರ್ಹತಾ ಪರೀಕ್ಷೆ. ಕರ್ನಾಟಕದಲ್ಲಿ ಕೆಸೆಟ್, ಆಂಧ್ರದಲ್ಲಿ ಎಪಿಸೆಟ್.

ಗುರುತು ಹಾಕಿಕೊಳ್ಳುವಾಗ ಒಂಟಿ ಪದ ಬರೆಯದೆ ಇಡೀ ವಾಕ್ಯ ಬರೆದು, ಅರ್ಥವನ್ನು ಎರಡೂ ನುಡಿಗಳಲ್ಲಿ ಕೊಟ್ಟುಕೊಳ್ಳುವುದು ಚಿಲಮತ್ತೂರು, ಹಿಂದೂಪುರದ ಮಕ್ಕಳಿಗೆ ಹೆಚ್ಚು ಉಪಯೋಗ. ಗಣಿತದ ‘ಸೆಟ್’ ತೆಲುಗು ಪುಸ್ತಕದಲ್ಲಿ ‘ಸಮಿತಿ’, ಕನ್ನಡ ಪುಸ್ತಕದಲ್ಲಿ ‘ಗಣ’. ತೆಲುಗು ಮಾಧ್ಯಮದಲ್ಲಿ ಓದಿ ಗೌರಿಬಿದನೂರಿಗೆ ಬಂದ ಹುಡುಗ ‘ಇದು ಶೂನ್ಯ ಸಮಿತಿ’ ಎಂದರೆ, ಸದಸ್ಯರೇ ಇಲ್ಲದ ಯಾವ ಕಮಿಟಿಯಪ್ಪಾ ಇದು ಎಂದು ಪಕ್ಕದ ಬೆಂಚಿನವರು ತಲೆ ಕೆರೆದುಕೊಂಡಾರು.